ಹೋಟೆಲಿನ ಬಾಗಿಲಲ್ಲಿ ನಿಲ್ಲುವ ಕೆಲಸ: ನಮ್ಮ ಹೆಣ್ಣುಮಕ್ಕಳಿಗೆ ಆಗುತ್ತದೆಯೇ?



ಕೆಲವು ತಿಂಗಳ ಹಿಂದೆ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿದಿತ್ತು. ಚಹಾ ಬರುವ ಹೊತ್ತಿಗೆ ಒಬ್ಬ ಸದಸ್ಯೆ ಮಡಚಿಟ್ಟ ಪತ್ರಿಕೆಯ ತುಂಡೊಂದನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ರೆಸ್ಟೋರೆಂಟಿಗೆ ಹೋಸ್ಟೆಸ್ ಬೇಕಾಗಿದ್ದಾರೆ, ಪಿಯುಸಿ ಆಗಿರಬೇಕು, ಲಕ್ಷಣವಾಗಿರಬೇಕು, ಊಟ ವಸತಿ ಉಚಿತ ಎಂದು ಅದರಲ್ಲಿತ್ತು. "ಸಿಸ್ಟರ್, ಇದು ಏನು ಕೆಲಸ? ಮಗಳು ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ" ಎಂದರು. ನಾವು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದವರು, "ಅದು ಮರ್ಯಾದಸ್ತರ ಕೆಲಸ ಅಲ್ಲ, ಕಳಿಸಬೇಡ" ಎಂದುಬಿಟ್ಟರು. ಇನ್ನೊಬ್ಬರು, "ನನ್ನ ತಂಗಿಯ ಮಗಳು ಬೆಂಗಳೂರಲ್ಲಿ ಅದನ್ನೇ ಮಾಡ್ತಾಳೆ, ಅವಳಿಗೇನು ಮರ್ಯಾದೆ ಇಲ್ವಾ?" ಎಂದು ಎದ್ದು ನಿಂತರು. ಚಹಾ ಆರಿ ಹೋಯಿತು, ಮಾತು ಆರಲಿಲ್ಲ.

ಅಂದು ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. ಸಮಾಜಕಾರ್ಯ ಓದಿ ಇಷ್ಟು ವರ್ಷ ಕೆಲಸ ಮಾಡಿದರೂ ಹೋಟೆಲಿನ ಬಾಗಿಲಲ್ಲಿ ನಿಂತ ಹುಡುಗಿಯನ್ನು ನಾವೂ ನೋಡಿ ಒಳಗೆ ಹೋದವರೇ. ಅವಳು ದಿನವಿಡೀ ಏನು ಮಾಡುತ್ತಾಳೆ ಎಂದು ಕೇಳಿದವರಲ್ಲ. ಆಮೇಲೆ ಕೆಲಸದಲ್ಲಿರುವ ಹುಡುಗಿಯರನ್ನು, ಕೆಲಸ ಬಿಟ್ಟು ಬಂದವರನ್ನು, ತರಬೇತಿ ಕೊಡುವವರನ್ನು ಕೇಳಿದೆವು. ಹಾಗೆ ತಿಳಿದದ್ದನ್ನು ಈ ಪಾಠದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ. ಓದು ಬಾರದ ಸದಸ್ಯರಿದ್ದರೆ ಪ್ರೇರಕಿಯರು ಸಭೆಯಲ್ಲಿ ಜೋರಾಗಿ ಓದಿ ಹೇಳಬೇಕು. ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಯಾವ ಹೋಟೆಲಿನಲ್ಲಿ ಈ ಕೆಲಸ ಇದೆ?

ಹೋಟೆಲ್ ಎಂದರೆ ನಮ್ಮ ಕಣ್ಣಮುಂದೆ ಬರುವುದು ಉಡುಪಿ ಹೋಟೆಲು. ಅಲ್ಲಿ ಗಲ್ಲಾದ ಮೇಲೆ ಯಜಮಾನರು ಕೂತಿರುತ್ತಾರೆ, ಬಂದವರು ಖಾಲಿ ಕುರ್ಚಿ ನೋಡಿ ತಾವೇ ಕೂರುತ್ತಾರೆ. ಮಾಣಿಗಳಿಂದ ಹಿಡಿದು ಅಡುಗೆಯವರವರೆಗೆ ಬಹುಪಾಲು ಗಂಡಸರೇ. 1983ರಿಂದೀಚೆಗೆ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳಲ್ಲಂತೂ ಕೂರುವುದೂ ಇಲ್ಲ. ಟೋಕನ್ ತಗೊಂಡು ನಿಂತೇ ತಿನ್ನುವುದು. ಇಂಥ ಕಡೆ ಹೋಸ್ಟೆಸ್ ಎಂಬ ಹುದ್ದೆಯೇ ಇಲ್ಲ.

ಈ ಹುದ್ದೆ ಇರುವುದು ದೊಡ್ಡ ರೆಸ್ಟೋರೆಂಟುಗಳಲ್ಲಿ, ಸ್ಟಾರ್ ಹೋಟೆಲುಗಳಲ್ಲಿ, ಮಾಲುಗಳ ಒಳಗಿನ ಕಂಪನಿ ರೆಸ್ಟೋರೆಂಟುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ, ಬಫೆ ಊಟದ ಜಾಗಗಳಲ್ಲಿ. ನಮ್ಮ ಮಲೆನಾಡಿನ ಕಡೆ, ಕೊಡಗಿನಲ್ಲಿ ದೊಡ್ಡ ರೆಸಾರ್ಟುಗಳಲ್ಲೂ ಇದೆ. ಎಸ್ಟೇಟಿನ ಪಕ್ಕದ ಹೋಂಸ್ಟೇಯಲ್ಲಿ ಇಲ್ಲ. ಅಲ್ಲಿ ಮನೆಯವರೇ ಎಲ್ಲ. ಅಂದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಕೆಲಸ ಎಂದರೆ ಊರು ಬಿಡುವುದು ಎಂದೇ ಅರ್ಥ.

ಒಂದು ಮಾತು ಮೊದಲೇ ತಿಳಿದಿರಲಿ. ಒಂದು ರೆಸ್ಟೋರೆಂಟಿನಲ್ಲಿ ಬಡಿಸುವವರು ಹತ್ತು ಹದಿನೈದು ಜನ ಇದ್ದರೆ, ಬಾಗಿಲಲ್ಲಿ ನಿಲ್ಲುವವರು ಒಂದು ಪಾಳಿಗೆ ಒಬ್ಬರು ಅಥವಾ ಇಬ್ಬರು. ಹುದ್ದೆಗಳೇ ಕಡಿಮೆ. ಆದರೂ ಜಾಹೀರಾತು ಪದೇ ಪದೇ ಬರುತ್ತದೆ, ಯಾಕೆಂದರೆ ಹುಡುಗಿಯರು ಹೆಚ್ಚು ದಿನ ನಿಲ್ಲುವುದಿಲ್ಲ. ಮದುವೆ, ರಾತ್ರಿ ಪಾಳಿ, ಕಾಲುನೋವು, ಪಕ್ಕದವರು ಸಾವಿರ ರೂಪಾಯಿ ಹೆಚ್ಚು ಕೊಟ್ಟರು ಎಂಬ ಕಾರಣ, ಹೀಗೆ ಬಿಡುತ್ತಲೇ ಇರುತ್ತಾರೆ. ಕೆಲಸ ಸಿಗುವುದು ಕಷ್ಟ ಅಲ್ಲ, ಅದರಲ್ಲಿ ಮೇಲೆ ಬರುವುದು ಕಷ್ಟ.

ಬಾಗಿಲಲ್ಲಿ ನಿಂತು ಏನು ಮಾಡುತ್ತಾಳೆ?

ನಗುತ್ತಾ ನಮಸ್ಕಾರ ಹೇಳುವುದಷ್ಟೇ ಎಂದು ತಿಳಿಯಬೇಡಿ. ನಮ್ಮ ಮನೆಯಲ್ಲಿ ಮದುವೆ ಆದಾಗ ಪಂಕ್ತಿ ನೋಡಿಕೊಳ್ಳುವವರು ಒಬ್ಬರು ಇರುತ್ತಾರಲ್ಲ, ಯಾರನ್ನು ಎಲ್ಲಿ ಕೂರಿಸಬೇಕು, ವಯಸ್ಸಾದವರಿಗೆ ಎಲ್ಲಿ ಜಾಗ, ಮುಂದಿನ ಪಂಕ್ತಿ ಎಷ್ಟು ಹೊತ್ತಿಗೆ, ಯಾರಿಗೆ ಬೇಜಾರಾಗಿದೆ ಎಂದೆಲ್ಲ ನೋಡುವವರು? ಅದೇ ಕೆಲಸ ಇದು. ಆದರೆ ದಿನಾಲೂ, ಗುರುತಿಲ್ಲದ ಜನರ ಜೊತೆ, ಕಂಪ್ಯೂಟರ್ ಮುಂದೆ.

ಒಂದು ಉದಾಹರಣೆ ನೋಡಿ. ರೆಸ್ಟೋರೆಂಟಿನಲ್ಲಿ 24 ಟೇಬಲ್ ಇವೆ ಎನ್ನೋಣ. ಬಡಿಸುವವರು ನಾಲ್ಕು ಜನ, ಒಬ್ಬೊಬ್ಬರಿಗೆ ಆರು ಟೇಬಲ್. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಒಟ್ಟಿಗೆ ಐದು ಕುಟುಂಬ ಬಂತು. ಎಲ್ಲರಿಗೂ ಕಿಟಕಿ ಪಕ್ಕವೇ ಬೇಕು. ಹೋಸ್ಟೆಸ್ ಹೂಂ ಎಂದು ಐವರನ್ನೂ ಕಿಟಕಿ ಪಕ್ಕ ಕೂರಿಸಿದಳು ಅಂತಿಟ್ಟುಕೊಳ್ಳಿ. ಆ ಸಾಲು ಒಬ್ಬನೇ ಹುಡುಗನದ್ದು. ಅವನು ಐದು ಆರ್ಡರ್ ಒಟ್ಟಿಗೆ ಬರೆಯಬೇಕು, ಅಡುಗೆಮನೆಗೆ ಐದೂ ಒಟ್ಟಿಗೆ ಹೋಗುತ್ತವೆ, ಊಟ ತಡವಾಗುತ್ತದೆ, ಮಕ್ಕಳು ಅಳುತ್ತವೆ, ಬೈಗುಳ ಆ ಹುಡುಗನಿಗೆ. ಉಳಿದ ಮೂವರು ಕೈಕಟ್ಟಿ ನಿಂತಿರುತ್ತಾರೆ, ಅವರಿಗೆ ಟಿಪ್ಸೂ ಇಲ್ಲ. ತಪ್ಪು ಎಲ್ಲಿ ಆಯಿತು? ಬಾಗಿಲಲ್ಲಿ. ಒಳ್ಳೆಯ ಹೋಸ್ಟೆಸ್ ಯಾವ ಟೇಬಲ್ ಊಟ ಮುಗಿಸುವ ಹಂತದಲ್ಲಿದೆ, ಯಾರು ಈಗಷ್ಟೇ ಕೂತರು, ಯಾವ ಹುಡುಗನ ಕೈ ಖಾಲಿ ಇದೆ ಎಂದು ತಲೆಯಲ್ಲೇ ನಕ್ಷೆ ಇಟ್ಟುಕೊಂಡಿರುತ್ತಾಳೆ. ಇಬ್ಬರು ಬಂದರೆ ಆರು ಜನರ ಟೇಬಲ್ ಕೊಡುವುದಿಲ್ಲ. ಬೇಜಾರಾಗದ ಹಾಗೆ "ಆ ಟೇಬಲ್ ಬುಕ್ ಆಗಿದೆ ಸಾರ್, ಇಲ್ಲಿ ಫ್ಯಾನ್ ಚೆನ್ನಾಗಿ ಬರುತ್ತೆ" ಎನ್ನುತ್ತಾಳೆ.

ಇನ್ನು ಕಾಯುವವರ ಪಟ್ಟಿ. ಹೆಸರು, ಎಷ್ಟು ಜನ, ಫೋನ್ ನಂಬರ್ ಬರೆದುಕೊಳ್ಳಬೇಕು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ ಒಂದು ಉತ್ತರ ಕೊಡಲೇಬೇಕು. ಅನುಭವ ಇರುವ ಒಬ್ಬಳು ನಮಗೆ ಹೇಳಿದಳು: "ಸಿಸ್ಟರ್, ಇಪ್ಪತ್ತು ನಿಮಿಷ ಆಗುತ್ತೆ ಅಂತ ಗೊತ್ತಿದ್ರೆ ನಾನು ಇಪ್ಪತ್ತೈದು ಅಂತೀನಿ. ಇಪ್ಪತ್ತಕ್ಕೇ ಕರೆದ್ರೆ ಖುಷಿಯಾಗ್ತಾರೆ. ಹದಿನೈದು ಅಂದು ಇಪ್ಪತ್ತು ಮಾಡಿದ್ರೆ ಜಗಳ." ಫೋನಿನಲ್ಲಿ ಬರುವ ಬುಕಿಂಗ್, ಮೊಬೈಲ್ ಆ್ಯಪಿನಲ್ಲಿ ಬರುವ ಬುಕಿಂಗ್ ಎರಡನ್ನೂ ಹೊಂದಿಸಬೇಕು. ಮೆನು ಕೊಡಬೇಕು, ಹುಟ್ಟುಹಬ್ಬ ಇದ್ದರೆ ಒಳಗೆ ತಿಳಿಸಬೇಕು, ಹೋಗುವಾಗ ಊಟ ಹೇಗಿತ್ತು ಕೇಳಬೇಕು. ದೂರು ಇದ್ದರೆ ಮೊದಲು ಕೇಳಿಸಿಕೊಳ್ಳುವವಳೂ ಅವಳೇ, ತಪ್ಪು ಅಡುಗೆಯವರದ್ದಾದರೂ.

ಇದೆಲ್ಲ ನಿಂತುಕೊಂಡೇ. ಕೂರಲು ಸ್ಟೂಲ್ ಇಟ್ಟಿರುವ ಜಾಗಗಳು ಬಹಳ ಕಡಿಮೆ. ಹೋಟೆಲಿನಲ್ಲಿ 'ಬ್ರೇಕ್ ಶಿಫ್ಟ್' ಎಂಬ ಪದ್ಧತಿ ಇದೆ. ಬೆಳಿಗ್ಗೆ ಹನ್ನೊಂದರಿಂದ ಮೂರೂವರೆ, ಮತ್ತೆ ಸಂಜೆ ಆರೂವರೆಯಿಂದ ರಾತ್ರಿ ಹನ್ನೊಂದು ಎಂಬ ಲೆಕ್ಕದಲ್ಲಿ ಪಾಳಿ ಹಾಕುತ್ತಾರೆ. ಲೆಕ್ಕಕ್ಕೆ ಒಂಬತ್ತು ಗಂಟೆ, ಆದರೆ ದಿನ ಪೂರ್ತಿ ಹೋಯಿತು. ಮನೆ ಹತ್ತಿರ ಇದ್ದರೆ ನಡುವೆ ಮಲಗಬಹುದು, ದೂರ ಇದ್ದವರು ಎಲ್ಲಿ ಹೋಗುವುದು? ಭಾನುವಾರ, ಹಬ್ಬ, ಹೊಸವರ್ಷ ಎಲ್ಲರಿಗೂ ರಜೆ ಇರುವ ದಿನವೇ ಇವರಿಗೆ ದುಪ್ಪಟ್ಟು ಕೆಲಸ. ಕ್ರಿಸ್ಮಸ್ ರಾತ್ರಿ ಮಗಳು ಮನೆಗೆ ಬರುತ್ತಾಳೆ ಎಂದು ಕಾಯಬೇಡಿ.

ಏನು ಓದಿರಬೇಕು?

ಪಿಯುಸಿ ಸಾಕು ಎನ್ನುವವರೇ ಹೆಚ್ಚು. ಕೆಲವರು ಎಸ್ಸೆಸ್ಸೆಲ್ಸಿ ಆದವರನ್ನೂ ತೆಗೆದುಕೊಳ್ಳುತ್ತಾರೆ. ಓದಿಗಿಂತ ಭಾಷೆ ಮುಖ್ಯ. ಕನ್ನಡ ಚೆನ್ನಾಗಿ ಬರಬೇಕು, ಹಿಂದಿ ಅರ್ಥವಾಗಬೇಕು, ಇಂಗ್ಲಿಷಿನಲ್ಲಿ ಮೂವತ್ತು ನಲವತ್ತು ವಾಕ್ಯ ಹೆದರದೆ ಹೇಳಬೇಕು. ನಮ್ಮ ಮಕ್ಕಳು ಇಂಗ್ಲಿಷ್ ಎಂದ ಕೂಡಲೇ ಕುಗ್ಗುತ್ತಾರೆ. ಆದರೆ ಈ ಕೆಲಸದ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್ ಅಲ್ಲ. "ಗುಡ್ ಈವಿನಿಂಗ್ ಮೇಡಂ, ಟೇಬಲ್ ಫಾರ್ ಹೌ ಮೆನಿ?" "ಪ್ಲೀಸ್ ವೆಯ್ಟ್ ಟೆನ್ ಮಿನಿಟ್ಸ್." "ದಿಸ್ ವೇ ಪ್ಲೀಸ್." ದಿನಾ ಅದೇ ಮಾತು. ಕನ್ನಡಿ ಮುಂದೆ ನಿಂತು ಒಂದು ತಿಂಗಳು ಹೇಳಿದರೆ ಬರುತ್ತದೆ. ನಮ್ಮ ಕಡೆ ಕೊಂಕಣಿ, ತುಳು, ಮಲಯಾಳಂ, ತಮಿಳು ಮನೆಯಲ್ಲೇ ಕಲಿತ ಮಕ್ಕಳಿದ್ದಾರೆ. ಅರ್ಜಿಯಲ್ಲಿ ಅದನ್ನು ಬರೆಯುವುದೇ ಇಲ್ಲ! ಅದೂ ಅರ್ಹತೆಯೇ. ಬರೆಯಲು ಹೇಳಿ.

"ಲಕ್ಷಣವಾಗಿರಬೇಕು" ಎಂಬ ಮಾತಿನ ಬಗ್ಗೆ ನಮಗೆ ಕೋಪವಿದೆ. ಕೆಲವು ಜಾಹೀರಾತುಗಳಲ್ಲಿ ಬೆಳ್ಳಗಿರಬೇಕು, ಇಷ್ಟು ಎತ್ತರ ಇರಬೇಕು, ಮದುವೆ ಆಗಿರಬಾರದು ಎಂದೂ ಇರುತ್ತದೆ. ಶುಚಿಯಾಗಿರಬೇಕು, ತಲೆ ಬಾಚಿರಬೇಕು, ಉಗುರು ಕತ್ತರಿಸಿರಬೇಕು ಎಂದರೆ ಸರಿ. ಚರ್ಮದ ಬಣ್ಣ ನೋಡಿ ಕೆಲಸ ಕೊಡುವವರು ಎರಡು ವರ್ಷ ಕಳೆದ ಮೇಲೆ ಇನ್ನೊಬ್ಬಳನ್ನು ತರುತ್ತಾರೆ. ಅಂಥ ಕಡೆ ಮೇಲೆ ಬರುವ ದಾರಿ ಇರುವುದಿಲ್ಲ ಎಂದು ತಿಳಿದುಕೊಳ್ಳಿ.

ತರಬೇತಿಗೆ ಸಂಘದಿಂದ ಸಾಲ ಕೊಡುವ ಮೊದಲು ಸ್ವಲ್ಪ ನಿಲ್ಲಿ. ಆರು ತಿಂಗಳ ಕೋರ್ಸಿಗೆ ಐವತ್ತು ಅರವತ್ತು ಸಾವಿರ ಕಟ್ಟಿಸಿಕೊಂಡು, ನೂರಕ್ಕೆ ನೂರು ಕೆಲಸ ಎಂದು ಹೇಳುವ ಖಾಸಗಿ ಸಂಸ್ಥೆಗಳಿವೆ. ಹೋಸ್ಟೆಸ್ ಕೆಲಸಕ್ಕೆ ಅಷ್ಟು ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಗ್ರಾಮೀಣ ಬಡ ಕುಟುಂಬದ ಯುವಜನರಿಗಾಗಿ ಕೇಂದ್ರ ಸರಕಾರ 2014ರಲ್ಲಿ ಆರಂಭಿಸಿದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದೆ. ಹೋಟೆಲ್ ಕೆಲಸ ಅದರ ವಿಷಯಗಳಲ್ಲಿ ಒಂದು. ತರಬೇತಿ ಉಚಿತ. ವಯಸ್ಸು 15ರಿಂದ 35, ಮಹಿಳೆಯರಿಗೆ 45ರವರೆಗೆ ಸಡಿಲಿಕೆ ಇದೆ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಸಂಜೀವಿನಿಯವರು. ನಿಮ್ಮಲ್ಲಿ ಅನೇಕರ ಸಂಘಗಳು ಅವರ ಒಕ್ಕೂಟದಲ್ಲೇ ಇವೆ. ತಾಲೂಕು ಪಂಚಾಯತಿಗೆ ಹೋಗಿ, ಈಗ ಹೋಟೆಲ್ ವಿಭಾಗದ ಬ್ಯಾಚು ಎಲ್ಲಿ ನಡೆಯುತ್ತಿದೆ ಎಂದು ಕೇಳಿ. ಕೇಂದ್ರ ಪ್ರವಾಸೋದ್ಯಮ ಇಲಾಖೆಯವರು 2009-10ರಲ್ಲಿ 'ಹುನರ್ ಸೇ ರೋಜ್‌ಗಾರ್ ತಕ್' ಎಂಬ ಹೆಸರಿನಲ್ಲಿ ಆರೆಂಟು ವಾರಗಳ ಇಂಥದ್ದೇ ತರಬೇತಿ ಆರಂಭಿಸಿದ್ದರು. ಬೆಂಗಳೂರಿನ ಸರಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ವಿಚಾರಿಸಿದರೆ ಈಗ ಯಾವ ಚಿಕ್ಕ ಕೋರ್ಸು ಇದೆ ಎಂದು ತಿಳಿಯುತ್ತದೆ. ಪಿಯುಸಿಯಲ್ಲಿ ಚೆನ್ನಾಗಿ ಓದಿದ ಹುಡುಗಿಗೆ ಅಲ್ಲಿ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಪದವಿಯನ್ನೇ ಓದುವ ದಾರಿಯೂ ಇದೆ. ಸಾಲ ಮಾಡುವುದಾದರೆ ಅದಕ್ಕೆ ಮಾಡಿ.

ಸಂಬಳದ ಲೆಕ್ಕ

ಊರಿಗೊಂದು, ಹೋಟೆಲಿಗೊಂದು ಸಂಬಳ. ಆದ್ದರಿಂದ ಇಷ್ಟೇ ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಹೋಟೆಲ್ ಕೆಲಸಕ್ಕೆ ರಾಜ್ಯ ಸರಕಾರ ಕನಿಷ್ಠ ವೇತನ ಗೊತ್ತು ಮಾಡಿದೆ, ತುಟ್ಟಿಭತ್ಯೆ ಸೇರಿಸಿ ಪ್ರತಿ ಏಪ್ರಿಲಿನಲ್ಲಿ ಬದಲಾಗುತ್ತದೆ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿದರೆ ಈ ವರ್ಷದ ಪಟ್ಟಿ ಸಿಗುತ್ತದೆ. ಲೆಕ್ಕ ಹಾಕುವ ಕ್ರಮ ಮಾತ್ರ ಕಲಿಯೋಣ. ಪಾಸ್‌ಬುಕ್ ನೋಡುವ ನಿಮಗೆ ಇದು ಕಷ್ಟವಲ್ಲ.

ಒಂದು ಕಡೆ ತಿಂಗಳಿಗೆ 15,000 ರೂಪಾಯಿ, ಪಿಎಫ್ ಮತ್ತು ಇಎಸ್ಐ ಇದೆ. ಇನ್ನೊಂದು ಕಡೆ 16,000 ಕೈಗೆ ನಗದು, ಬೇರೆ ಏನೂ ಇಲ್ಲ. ಯಾವುದು ಹೆಚ್ಚು? ಹುಡುಗಿಯರು 16,000 ಎನ್ನುತ್ತಾರೆ. ಈಗ ನೋಡಿ. ಮೊದಲನೆಯದರಲ್ಲಿ ಅಷ್ಟೂ ಮೂಲ ವೇತನ ಎಂದುಕೊಂಡರೆ ಪಿಎಫ್‌ಗೆ ನೂರಕ್ಕೆ 12ರಂತೆ 1,800 ಹೋಗುತ್ತದೆ. ಇಎಸ್ಐಗೆ 2019ರ ಜುಲೈಯಿಂದ ಕೆಲಸಗಾರರ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ 113. ಕೈಗೆ 13,087 ಬರುತ್ತದೆ. ಆದರೆ ಮಾಲೀಕರೂ ಪಿಎಫ್ ಮತ್ತು ಪಿಂಚಣಿಗೆ 1,800 ಹಾಕಬೇಕು, ಇಎಸ್ಐಗೆ ನೂರಕ್ಕೆ ಮೂರೂಕಾಲು ಕಟ್ಟಬೇಕು. ಹಾಗಾದರೆ ಮಗಳ ಹೆಸರಿನಲ್ಲಿ ತಿಂಗಳಿಗೆ 3,600 ಕೂಡುತ್ತಿದೆ. ಕಾಯಿಲೆ ಬಿದ್ದರೆ ಇಎಸ್ಐ ಆಸ್ಪತ್ರೆ ಇದೆ, ತಾಯಿ ತಂದೆ ಅವಳನ್ನೇ ನಂಬಿಕೊಂಡಿದ್ದರೆ ಅವರಿಗೂ ಇದೆ. 16,000 ನಗದು ಕೊಡುವವನು ಒಂದು ಜ್ವರ ಬಂದರೆ ಏನು ಕೊಡುತ್ತಾನೆ?

ಖರ್ಚು ಬರೆಯೋಣ. ಪಿಜಿ ಬಾಡಿಗೆ ಊಟ ಸೇರಿ 6,000 ಎನ್ನಿ. ಫೋನು, ಸೋಪು, ಶೂ, ಔಷಧಿ, ಅವರು ಕೇಳುವ ಮೇಕಪ್ಪು ಎಲ್ಲ ಸೇರಿ 1,500. ಉಳಿದದ್ದು 5,587. ಊರಿಗೆ ಬಂದು ಹೋಗುವುದಕ್ಕೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಸಾಮಾನ್ಯ ಬಸ್ಸು ಇದೆ, ಅದು ದೊಡ್ಡ ಉಪಕಾರ. ಹೋಟೆಲಿನವರೇ ವಸತಿ ಕೊಟ್ಟರೆ ಆ 6,000 ಉಳಿಯುತ್ತದೆ. ಉಚಿತ ವಸತಿ ಎಂಬುದು ಸಂಬಳದಷ್ಟೇ ದೊಡ್ಡ ಮಾತು ಎಂದು ಇದರಿಂದ ತಿಳಿಯುತ್ತದೆ. ಆದರೆ ಆ ವಸತಿ ಎಲ್ಲಿ, ಎಷ್ಟು ಜನರಿಗೆ ಒಂದು ಕೋಣೆ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಎಂದು ತಾಯಿಯಾದವಳು ಹೋಗಿ ನೋಡಬೇಕು. ನಾಚಿಕೆ ಪಡಬೇಡಿ.

ಟಿಪ್ಸ್ ನಂಬಿ ಲೆಕ್ಕ ಹಾಕಬೇಡಿ. ಟಿಪ್ಸ್ ಬಡಿಸುವವರ ಕೈಗೆ ಬರುತ್ತದೆ, ಬಾಗಿಲಲ್ಲಿ ನಿಂತವಳಿಗಲ್ಲ. ಕೆಲವು ಕಡೆ ಡಬ್ಬಿಗೆ ಹಾಕಿ ಹಂಚುತ್ತಾರೆ. ಬಿಲ್ಲಿನ ಮೇಲೆ ಸರ್ವಿಸ್ ಚಾರ್ಜ್ ಸೇರಿಸಿ ಅದರಲ್ಲಿ ಕೆಲಸದವರಿಗೆ ಪಾಲು ಕೊಡುವ ಕ್ರಮ ದೊಡ್ಡ ರೆಸ್ಟೋರೆಂಟುಗಳಲ್ಲಿತ್ತು. ಅದನ್ನು ಗ್ರಾಹಕರ ಮೇಲೆ ತಾವಾಗಿಯೇ ಹಾಕುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಗ್ರಾಹಕರಿಗೆ ಒಳ್ಳೆಯದೇ ಆಯಿತು. ಕೆಲಸಕ್ಕೆ ಸೇರುವವರು ಮಾತ್ರ "ಸರ್ವಿಸ್ ಚಾರ್ಜ್ ಬಿಟ್ಟು ನಿಶ್ಚಿತ ಸಂಬಳ ಎಷ್ಟು?" ಎಂದು ಕೇಳಬೇಕು.

ಮರ್ಯಾದೆಯ ಪ್ರಶ್ನೆ

ಅಂದಿನ ಸಭೆಯಲ್ಲಿ ಎದ್ದ ನಿಜವಾದ ಪ್ರಶ್ನೆ ಇದೇ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಒಂದು ಕಾಲಕ್ಕೆ ಕಾನೂನೇ ಹೆಣ್ಣುಮಕ್ಕಳಿಗೆ ಅಡ್ಡ ನಿಂತಿತ್ತು. ಮದ್ಯ ಕೊಡುವ ಜಾಗದಲ್ಲಿ ಹೆಂಗಸರು ಕೆಲಸ ಮಾಡಬಾರದು ಎಂದು 1914ರ ಪಂಜಾಬ್ ಅಬಕಾರಿ ಕಾನೂನಿನಲ್ಲಿತ್ತು, ಅದು ದೆಹಲಿಗೂ ಅನ್ವಯವಾಗುತ್ತಿತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿಯರಿಗೂ ಕೆಲಸ ಇಲ್ಲ! ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2007ರ ಡಿಸೆಂಬರಿನಲ್ಲಿ ಅನೂಜ್ ಗರ್ಗ್ ಪ್ರಕರಣದಲ್ಲಿ ತೀರ್ಪು ಬಂತು. ಹೆಣ್ಣಿಗೆ ಅಪಾಯ ಇದೆ ಎಂದು ಅವಳ ಕೆಲಸ ಕಿತ್ತುಕೊಳ್ಳುವುದು ರಕ್ಷಣೆಯಲ್ಲ, ಕೆಲಸದ ಜಾಗವನ್ನು ಸುರಕ್ಷಿತ ಮಾಡುವುದು ಸರಕಾರದ ಹೊಣೆ ಎಂಬುದು ಆ ತೀರ್ಪಿನ ಸಾರ. ನಾವು ಮಕ್ಕಳನ್ನು ಮನೆಯಲ್ಲಿ ಕೂರಿಸುವಾಗಲೂ ಇದೇ ತಪ್ಪು ಮಾಡುತ್ತೇವೆಯೇ ಎಂದು ಯೋಚಿಸಬಹುದು.

ಹಾಗೆಂದು ಅಪಾಯ ಇಲ್ಲವೆಂದಲ್ಲ. 'ಹೋಸ್ಟೆಸ್' ಎಂಬ ಒಂದೇ ಪದ ಎರಡು ರೀತಿಯ ಕೆಲಸಕ್ಕೆ ಬಳಕೆಯಾಗುತ್ತಿದೆ. ಒಂದು ಮೇಲೆ ಹೇಳಿದ ಕೆಲಸ. ಇನ್ನೊಂದು, ಕೆಲವು ಬಾರುಗಳಲ್ಲಿ ಗಿರಾಕಿಗಳ ಪಕ್ಕ ಕೂತು ಮಾತಾಡಿಸಿ ಹೆಚ್ಚು ಕುಡಿಯುವಂತೆ ಮಾಡುವ ಕೆಲಸ. ಜಾಹೀರಾತು ಓದಿದರೆ ವ್ಯತ್ಯಾಸ ತಿಳಿಯದು. ಸಂದರ್ಶನಕ್ಕೆ ಹಗಲು ಹೊತ್ತು ರೆಸ್ಟೋರೆಂಟಿಗೇ ಕರೆಯುತ್ತಾರೋ, ಲಾಡ್ಜಿನ ಕೋಣೆಗೋ ಇನ್ಯಾರದೋ ಮನೆಗೋ ಕರೆಯುತ್ತಾರೋ ನೋಡಿ. ಸಂಬಳ ಎಲ್ಲರಿಗಿಂತ ಎರಡು ಪಟ್ಟು ಹೇಳಿದರೆ, ಪೂರ್ತಿ ಫೋಟೋ ಮಾತ್ರ ಕೇಳಿ ಓದು ಕೇಳದಿದ್ದರೆ, ಜೊತೆಗೆ ತಾಯಿ ಬರುವುದು ಬೇಡ ಎಂದರೆ ಅಲ್ಲಿಗೆ ಬಿಡಿ. ಗಲ್ಫಿಗೆ ಹೋಸ್ಟೆಸ್ ಕೆಲಸಕ್ಕೆ ವಿಸಿಟ್ ವೀಸಾದಲ್ಲಿ ಕಳಿಸುತ್ತೇವೆ ಎನ್ನುವವರದ್ದೂ ಇದೇ ಕತೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಏಜೆಂಟರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾರೆಯೇ ಎಂದು ನೋಡದೆ ಪಾಸ್‌ಪೋರ್ಟ್ ಕೊಡಬೇಡಿ.

ಒಳ್ಳೆಯ ಜಾಗದಲ್ಲೂ ತೊಂದರೆ ಬರಬಹುದು. ನಮಗೆ ಪರಿಚಯದ ಒಂದು ಸಂಘದ ಸದಸ್ಯೆಯ ಮಗಳು ಒಂದು ದೊಡ್ಡ ಊರಿನ ರೆಸ್ಟೋರೆಂಟಿಗೆ ಸೇರಿದ್ದಳು. ಎರಡನೇ ತಿಂಗಳಲ್ಲಿ ಒಬ್ಬ ಗಿರಾಕಿ ದಿನಾ ಬಂದು ಫೋನ್ ನಂಬರ್ ಕೇಳತೊಡಗಿದ. ಒಂದು ರಾತ್ರಿ ಕೈ ಹಿಡಿದ. ಮ್ಯಾನೇಜರ್ ಹತ್ತಿರ ಹೇಳಿದರೆ, "ದೊಡ್ಡ ಪಾರ್ಟಿ, ಅಡ್ಜಸ್ಟ್ ಮಾಡ್ಕೋ" ಎಂದರಂತೆ. ಮರುದಿನದಿಂದ ಹುಡುಗಿ ಹೋಗಲಿಲ್ಲ. ಇಪ್ಪತ್ತೆರಡು ದಿನದ ಸಂಬಳ ಕೊಡಲಿಲ್ಲ. ತಾಯಿ ನಮ್ಮ ಬಳಿ ಬಂದಾಗ ನಾವು ಕೇಳಿದ್ದು, "ನೇಮಕಾತಿ ಪತ್ರ ಎಲ್ಲಿ?" ಇರಲಿಲ್ಲ. ಮೊದಲ ತಿಂಗಳ ಸಂಬಳವೂ ನಗದು. ಅವಳು ಅಲ್ಲಿ ಕೆಲಸ ಮಾಡಿದ್ದಳು ಎಂದು ತೋರಿಸಲು ಒಂದೇ ಆಧಾರ ಇತ್ತು: ಫೋನಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಹಾಕುತ್ತಿದ್ದ ಪಾಳಿಯ ಪಟ್ಟಿ. ಅದನ್ನು ಹಿಡಿದುಕೊಂಡು ಕಾರ್ಮಿಕ ಇಲಾಖೆಗೆ ಮೂರು ಸಲ ಹೋದೆವು. ಕೊನೆಗೆ ಹದಿನೈದು ದಿನದ ಹಣ ಬಂತು, ಉಳಿದದ್ದು ಬರಲಿಲ್ಲ. ಕೈ ಹಿಡಿದವನ ಮೇಲೆ ದೂರು ಕೊಡಲು ಅವಳು ಒಪ್ಪಲಿಲ್ಲ. ನಾವು ಒತ್ತಾಯಿಸಲಿಲ್ಲ. ಆದರೆ ಅವಳಿಗೆ ಮೊದಲೇ ತಿಳಿಸಬೇಕಾದ ಕೆಲವು ವಿಷಯ ಯಾರೂ ತಿಳಿಸಿರಲಿಲ್ಲ, ನಾವೂ ಸೇರಿ. ಅದನ್ನು ಈಗ ಹೇಳುತ್ತೇವೆ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನು 2013ರಲ್ಲಿ ಬಂದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷೆ ಹೆಂಗಸಾಗಿರಬೇಕು. ಕಿರುಕುಳ ಕೊಟ್ಟವರು ಜೊತೆ ಕೆಲಸಗಾರರೇ ಆಗಬೇಕೆಂದಿಲ್ಲ. ಹೊರಗಿನಿಂದ ಬಂದ ಗಿರಾಕಿಯಾದರೂ ಮಾಲೀಕರು ಕೆಲಸಗಾರ್ತಿಯ ಬೆಂಬಲಕ್ಕೆ ನಿಲ್ಲಬೇಕು. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ತಕ್ಷಣದ ಸಹಾಯಕ್ಕೆ ಪೊಲೀಸ್ 112, ಮಹಿಳಾ ಸಹಾಯವಾಣಿ 181. ಈ ಎರಡು ನಂಬರು ನಿಮ್ಮ ಮಗಳ ಫೋನಿನಲ್ಲಿ ಇವತ್ತೇ ಹಾಕಿಸಿ.

ರಾತ್ರಿ ಪಾಳಿಯ ಮಾತು. 2021ರ ಜನವರಿಯಲ್ಲಿ ರಾಜ್ಯ ಸರಕಾರ ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಅಂಗಡಿ, ಹೋಟೆಲುಗಳು ದಿನವಿಡೀ ತೆರೆದಿರಬಹುದು ಎಂದು ಆದೇಶ ಮಾಡಿದಾಗ, ರಾತ್ರಿ ಎಂಟರ ಮೇಲೆ ಹೆಂಗಸರು ಕೆಲಸ ಮಾಡಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಮನೆಗೆ ಬಿಡಲು ವಾಹನ ಬೇಕು ಎಂದು ಷರತ್ತು ಹಾಕಿತು. ಒಪ್ಪಿಗೆ ಎಂದರೆ ಹುಡುಗಿ ಸಹಿ ಮಾಡುವ ಕಾಗದ. ವಾಹನ ಇಲ್ಲ ಎಂದರೆ ಸಹಿ ಮಾಡಬೇಡ ಎಂದು ಹೇಳಿ ಕಳಿಸಿ. ರಾತ್ರಿ ಹನ್ನೊಂದೂವರೆಗೆ ಶಕ್ತಿ ಬಸ್ಸು ಇರುವುದಿಲ್ಲ.

ನೇಮಕಾತಿ ಪತ್ರ ಕೇಳುವುದು ಸೊಕ್ಕು ಅಲ್ಲ, ಕಾನೂನು ಕೊಡಲೇಬೇಕು ಎನ್ನುತ್ತದೆ. ಸಂಬಳ ಬ್ಯಾಂಕ್ ಖಾತೆಗೆ ಬರಲಿ. ವಾರಕ್ಕೆ ಒಂದು ರಜೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಿದರೆ ದುಪ್ಪಟ್ಟು ದರ. ಮದುವೆಯಾಗಿ ಮಗುವಾಗುವಾಗ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳದ ರಜೆ ಎಂದು 2017ರಿಂದ ಇದೆ. ಇಎಸ್ಐ ಇದ್ದವರಿಗೆ ಅದೇ ರಜೆಯ ಹಣ ಇಎಸ್ಐನಿಂದ ಬರುತ್ತದೆ, ಅದರ ನಿಯಮ ಬೇರೆ.

ಮುಂದೆ ಏನು?

ಬಾಗಿಲಲ್ಲೇ ಹತ್ತು ವರ್ಷ ನಿಂತವರನ್ನು ನಾವು ಕಾಣಲಿಲ್ಲ. ಒಂದೋ ಬಿಡುತ್ತಾರೆ, ಇಲ್ಲ ಮುಂದೆ ಹೋಗುತ್ತಾರೆ. ಮುಂದೆ ಹೋಗುವುದು ಎಂದರೆ ಕ್ಯಾಪ್ಟನ್, ಆಮೇಲೆ ಸೂಪರ್‌ವೈಸರ್, ಆಮೇಲೆ ಸಹಾಯಕ ಮ್ಯಾನೇಜರ್. ಇಲ್ಲವೇ ಪಕ್ಕಕ್ಕೆ: ಹೋಟೆಲಿನ ಫ್ರಂಟ್ ಆಫೀಸ್, ಮದುವೆ ಸಮಾರಂಭಗಳ ಬುಕಿಂಗ್, ಆಸ್ಪತ್ರೆಯ ಸ್ವಾಗತ ಕೌಂಟರ್. ಕ್ಯಾಪ್ಟನ್ ಆಗಬೇಕಾದರೆ ಬಡಿಸುವುದು, ಆರ್ಡರ್ ತೆಗೆಯುವುದು, ಬಿಲ್ಲಿಂಗ್ ಗೊತ್ತಿರಬೇಕು. ಬಾಗಿಲಲ್ಲಿ ನಿಂತವಳಿಗೆ ಅದನ್ನು ಯಾರೂ ಕರೆದು ಕಲಿಸುವುದಿಲ್ಲ. ಜನ ಕಡಿಮೆ ಇರುವ ಮಂಗಳವಾರ ಬುಧವಾರ ಮಧ್ಯಾಹ್ನ ಅವಳೇ ಕೇಳಿ ಕಲಿಯಬೇಕು. ಎಸ್ಟೇಟ್ ಲೈನಿನಿಂದ ಹೋದ ಒಬ್ಬ ಹುಡುಗಿ ಮೊದಲು ಬಡಿಸುವ ಕೆಲಸಕ್ಕೇ ಸೇರಿದಳು. ಬಂದವರ ಹೆಸರು ನೆನಪಿಟ್ಟುಕೊಳ್ಳುತ್ತಾಳೆ ಎಂದು ಅವಳನ್ನು ಬಾಗಿಲಿಗೆ ಹಾಕಿದರು. ಈಗ ಸಮಾರಂಭಗಳ ಬುಕಿಂಗ್ ನೋಡಿಕೊಳ್ಳುತ್ತಾಳೆ, ಕೂತು ಮಾಡುವ ಕೆಲಸ. ಬಡಿಸುವುದರಿಂದ ಶುರು ಮಾಡುವುದೇ ಜಾಣತನ ಎಂದು ನಮಗನಿಸುತ್ತದೆ. ಹುದ್ದೆಗಳೂ ಹೆಚ್ಚು, ಟಿಪ್ಸೂ ಇದೆ.

ಮೊಬೈಲ್ ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ? ಮೆನುವಿನ ಬದಲು ಕ್ಯೂಆರ್ ಕೋಡ್ ಬಂದಿದೆ, ಕಾಯುವ ಪಟ್ಟಿ ಯಂತ್ರದಲ್ಲಿ ಬರುತ್ತದೆ, ಜನ ಮನೆಗೇ ಊಟ ತರಿಸುತ್ತಾರೆ. ಸಣ್ಣ ರೆಸ್ಟೋರೆಂಟುಗಳು ಹೋಸ್ಟೆಸ್ ಇಡುವುದನ್ನು ಬಿಡಬಹುದು. ದೊಡ್ಡ ಕಡೆ ಬರೀ ಊಟಕ್ಕಲ್ಲ, ಉಪಚಾರಕ್ಕೆ ದುಡ್ಡು ಕೊಡುತ್ತಾರೆ. ಅಲ್ಲಿ ಮನುಷ್ಯರು ಬೇಕು. ಇನ್ನೊಂದು ಭಯ ನಾವು ಕಣ್ಣಾರೆ ಕಂಡದ್ದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಹೋಟೆಲ್ ಹುಡುಗ ಹುಡುಗಿಯರು ಒಂದೇ ವಾರದಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದರು. ಜೂನ್ 8ರಿಂದ ಹೋಟೆಲಲ್ಲಿ ಕೂತು ತಿನ್ನಲು ಬಿಟ್ಟರೂ ಎಲ್ಲರನ್ನೂ ವಾಪಸ್ ಕರೆಯಲಿಲ್ಲ. ಪಿಎಫ್ ಇದ್ದವರು ಅದರಿಂದ ಸ್ವಲ್ಪ ತೆಗೆದು ದಿನ ದೂಡಿದರು. ನಗದು ಸಂಬಳದವರಿಗೆ ಅದೂ ಇರಲಿಲ್ಲ.

ಊರು ಬಿಡಲು ಮನಸ್ಸಿಲ್ಲದವರಿಗೂ ಒಂದು ಮಾತು. 2024-25ರ ರಾಜ್ಯ ಬಜೆಟ್ಟಿನಲ್ಲಿ ಮಹಿಳೆಯರೇ ನಡೆಸುವ 50 ಕೆಫೆಗಳನ್ನು ಘೋಷಿಸಿದರು, 'ಅಕ್ಕ ಕೆಫೆ' ಎಂಬ ಹೆಸರಿನಲ್ಲಿ ಸಂಘದ ಮಹಿಳೆಯರು ನಡೆಸುವ ಹೋಟೆಲುಗಳು ತೆರೆದಿವೆ. ಕೇರಳದ ಕುಟುಂಬಶ್ರೀಯವರು ಇದನ್ನು ಬಹಳ ಹಿಂದಿನಿಂದ ಮಾಡುತ್ತಿದ್ದಾರೆ. ಸಂಘದ ಕ್ಯಾಂಟೀನ್ ಎಂದರೆ ನಾವೆಲ್ಲ ಅಡುಗೆಮನೆಗೇ ನುಗ್ಗುತ್ತೇವೆ, ಬಂದವರನ್ನು ಮಾತಾಡಿಸುವವರು ಯಾರೂ ಇರುವುದಿಲ್ಲ. ರುಚಿ ಚೆನ್ನಾಗಿದ್ದರೂ ಗಿರಾಕಿ ಬಾಗಿಲಲ್ಲಿ ಐದು ನಿಮಿಷ ನಿಂತು ಹೊರಟು ಹೋಗುವುದನ್ನು ನಾವು ನೋಡಿದ್ದೇವೆ. ಕ್ಯಾಂಟೀನ್, ಸಣ್ಣ ಹೋಟೆಲ್ ಮಾಡುವ ಯೋಚನೆ ಇದ್ದರೆ ಜಿಲ್ಲೆಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಕೇಂದ್ರದಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಆರಂಭವಾದ ಮಾದರಿಯಲ್ಲೇ ಇವೆಲ್ಲ ಬಂದವು, ತರಬೇತಿ ಉಚಿತ.

ಸಭೆಯಲ್ಲಿ ಮಾಡಬೇಕಾದದ್ದು

ಓದಿದ ಮೇಲೆ ಒಂದು ಸಣ್ಣ ಅಭಿನಯ ಮಾಡಿ. ಒಬ್ಬರು ಹೋಸ್ಟೆಸ್, ಮೂವರು ಬಡಿಸುವವರು, ಉಳಿದವರೆಲ್ಲ ಹಸಿದ ಗಿರಾಕಿಗಳು. ಚಾಪೆಗಳೇ ಟೇಬಲ್. ಒಟ್ಟಿಗೆ ನುಗ್ಗಿ ಬನ್ನಿ, ಅವರು ಹೇಗೆ ಕೂರಿಸುತ್ತಾರೆ ನೋಡಿ. ನಗು ಬರುತ್ತದೆ, ಕಷ್ಟವೂ ತಿಳಿಯುತ್ತದೆ.

ಆಮೇಲೆ ಮಾತಾಡಿ. ನಮ್ಮ ಸಂಘದವರ ಮಕ್ಕಳಲ್ಲಿ ಹೋಟೆಲ್ ಕೆಲಸದಲ್ಲಿ ಯಾರಿದ್ದಾರೆ, ಅವರಲ್ಲಿ ಎಷ್ಟು ಜನರ ಬಳಿ ನೇಮಕಾತಿ ಪತ್ರ ಇದೆ? ಗಂಡುಮಗ ಅದೇ ಹೋಟೆಲಿನಲ್ಲಿ ಬಡಿಸಿದರೆ ಮರ್ಯಾದೆ ಹೋಗುವುದಿಲ್ಲ, ಮಗಳು ಬಾಗಿಲಲ್ಲಿ ನಿಂತರೆ ಹೋಗುತ್ತದೆ ಎನ್ನುತ್ತೇವಲ್ಲ, ಯಾಕೆ? ತರಬೇತಿಗೆ ಸಾಲ ಕೇಳಿದರೆ ಸಂಘ ಯಾವ ಕಾಗದ ನೋಡಿ ಕೊಡಬೇಕು?

ಪತ್ರಿಕೆಯ ತುಂಡು ತಂದಿದ್ದ ಆ ಸದಸ್ಯೆ ಮಗಳ ಜೊತೆ ತಾವೇ ಸಂದರ್ಶನಕ್ಕೆ ಹೋದರು. ಜಾಗ ನೋಡಿದರು, ಹುಡುಗಿಯರ ಕೋಣೆ ನೋಡಿದರು, ರಾತ್ರಿ ವಾಹನ ಕೇಳಿದರು. ವಾಹನ ಇಲ್ಲ ಎಂದರು. ವಾಪಸ್ ಬಂದರು. ಈಗ ತಾಯಿ ಮಗಳು ಇಬ್ಬರೂ ಸಂಜೀವಿನಿ ಕಚೇರಿಯಲ್ಲಿ ಹೆಸರು ಬರೆಸಿ ಮುಂದಿನ ಬ್ಯಾಚಿಗೆ ಕಾಯುತ್ತಿದ್ದಾರೆ.